ಎಮ್ಮೆಯ ಪಾಲಾದ ಶೇಂಗಾ ಹಿಂಡಿ

ನನ್ನ ಸಂಶೋಧನೆಯಿಂದ ದೇಶಕ್ಕೆ ಉಪಕಾರವಾಗುತ್ತದೆ ಎಂಬುದರಲ್ಲಿ, ಎಂಬತ್ತರ ದಶಕದ ಆ ದಿನಗಳಲ್ಲಿ, ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಬೇರೆ ಎಲ್ಲದರ ಬಗ್ಗೆಯೂ ಇತ್ತು. ಬಾಗಿಲಿಗೆ ಕೀಲಿ ಹಾಕಿದ್ದೇನೋ ಇಲ್ಲವೋ, ಕಡಗಂಚಿ ದಾಟುವುದರೊಳಗೆ ಬಸ್ಸು ಪಂಚರ್ ಆದರೆ ಏನು ಗತಿ, ಹೀಗೆ ಚಿಂತಿಸುವುದು ನನ್ನ ನಿತ್ಯಕರ್ಮ. ಚಿಂತಿಸಲೇಬೇಕಾದ ಕಡೆ ಮಾತ್ರ ನಾನು ನಿಶ್ಚಿಂತನಾಗಿರುತ್ತೇನೆ!

ನಾನು ಆಗ ಆಳಂದದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕನಾಗಿದ್ದೆ. ಶೇಂಗಾ ಹಿಂಡಿ ಯಾಕೆ ಕಮಟು ವಾಸನೆ ಹಿಡಿಯುತ್ತದೆ, ಹಿಡಿಯದಂತೆ ಏನು ಮಾಡಬೇಕು ಎಂದು ಕಂಡುಹಿಡಿದದ್ದಕ್ಕೆ ವಿಶ್ವವಿದ್ಯಾಲಯ ನನಗೆ ಡಾಕ್ಟರೇಟ್ ಕೊಟ್ಟಿತ್ತು. ಹುರಿದ ಶೇಂಗಾಕ್ಕೆ ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರ ಸೇರಿಸಿ ಕುಟ್ಟಿದ ಪುಡಿಯೇ ನಮ್ಮ ಶೇಂಗಾ ಹಿಂಡಿ. ಬಿಸಿ ಜೋಳದ ರೊಟ್ಟಿ, ಕೆನೆಮೊಸರು, ಪಕ್ಕದಲ್ಲಿ ಒಂದು ಹಿಡಿ ಹಿಂಡಿ ಇದ್ದರೆ ನಮ್ಮವರು ಸ್ವರ್ಗದ ವಿಳಾಸ ಕೇಳುವುದಿಲ್ಲ. ನನ್ನ ಪ್ರಯೋಗಕ್ಕೆ ಬೇಕಾದ ಹಿಂಡಿಯನ್ನೆಲ್ಲ ಕುಟ್ಟಿಕೊಟ್ಟವಳು ಹೆಂಡತಿ ಮಹಾದೇವಿ.

"ಕಮಟು ಹಿಡಿಯೂತನಕ ಯಾರ ಮನ್ಯಾಗ ಹಿಂಡಿ ಉಳೀತದ್ರಿ?" ಎಂದು ಆಕೆ ಮೊದಲ ದಿನವೇ ಕೇಳಿದ್ದಳು. ವಿಜ್ಞಾನ ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ.

ಅಷ್ಟರಲ್ಲಿ ಬೆಂಗಳೂರಿನ ಒಂದು ಇಲಾಖೆ, "ಸಂಶೋಧನೆ ಕಪಾಟಿನಲ್ಲಿ ಕೊಳೆಯಬಾರದು, ಉದ್ಯಮವಾಗಬೇಕು, ಸಮಾಜಕ್ಕೆ ಮುಟ್ಟಬೇಕು" ಎಂದು ವಿಶ್ವವಿದ್ಯಾಲಯಕ್ಕೆ ತಾಕೀತು ಮಾಡಿತು. ಉಳಿದವರ ಸಂಶೋಧನೆ ಸಮಾಜಕ್ಕೆ ಮುಟ್ಟಿದ್ದರೆ ಶಾಕ್ ಹೊಡೆಯುತ್ತಿತ್ತು! ತಿನ್ನಲು ಬರುವಂಥದ್ದು ನನ್ನದೊಂದೇ. ಹಾಗಾಗಿ ಆಯ್ಕೆಯಾಯಿತು.

ಮಹಾದೇವಿಯ ಸಂಭ್ರಮ ಹೇಳತೀರದು. ಓಣಿಯ ಹೆಂಗಸರನ್ನು ಸೇರಿಸಿದಳು. ಮಾದನಹಿಪ್ಪರಗಾದಿಂದ ಅಕ್ಕನನ್ನು ಕರೆಸಿದಳು. ನಮ್ಮ ಪಡಸಾಲೆಯೇ ಕಾರ್ಖಾನೆಯಾಯಿತು. ಆಕೆಯದು ಒಂದೇ ಷರತ್ತು.

"ನಿಮ್ಮ ದಪ್ಪ ಪುಸ್ತಕದಾಗಂತೂ ನನ್ನ ಹೆಸರು ಹಾಕಲಿಲ್ಲ. ಪಾಕೀಟಿನ ಮ್ಯಾಲರೆ ಹಾಕಸ್ರಿ."

"ಹಾಕಸ್ತೇನಿ ಬೇ! ಊರಿಗೆಲ್ಲಾ ಕಾಣೂ ಹಂಗ ಹಾಕಸ್ತೇನಿ!" ಎಂದು ಮಾತು ಕೊಟ್ಟೆ.

ಯೋಜನೆಯನ್ನು ಪರಿಶೀಲಿಸಲು ಇಲಾಖೆಯ ಸಾಹೇಬರೊಬ್ಬರು ಬಂದರು. ಸಫಾರಿ ಸೂಟು, ಗಂಭೀರ ಮುಖ. ನನಗೋ ಅಂಗಿಯ ಗುಂಡಿ ಸಡಿಲವಾಗಿದೆಯಲ್ಲ ಎಂಬ ಚಿಂತೆ.

"ಶೇಂಗಾ ಹಿಂಡಿ ಒಳ್ಳೇದು ಕಣ್ರೀ. ಈ ಕಡೆ ಎಲ್ಲಾ ಮನೇಲೂ ತಿಂತವಾ?"

"ಮುಂಜಾನಿ ಸಂಜಿ ಎರಡೂ ಹೊತ್ತು ತಿಂತಾರ್ರಿ ಸರ್."

"ಹಾಲಿಗೆ ಹೇಗೆ?"

"ಹಾಲಿನಕಿಂತ ಮೊಸರಿಗೆ ಛಲೋ ಸರ್."

"ವಯಸ್ಸಾದವು ಅರಗಿಸಿಕೊಳ್ತವಾ?"

"ಹಲ್ಲು ಗಟ್ಟಿ ಇದ್ರ ಸಾಕ್ರಿ."

ಸಾಹೇಬರು ಬಹಳ ಪ್ರಸನ್ನರಾದರು. ನಮ್ಮ ಹಿರಿಯರನ್ನು 'ವಯಸ್ಸಾದವು' ಎಂದದ್ದು ನನ್ನನ್ನು ಚುಚ್ಚಿತು. ಬೆಂಗಳೂರಿನ ದೌಲತ್ತು ಎಂದುಕೊಂಡು ನುಂಗಿಕೊಂಡೆ. ಗುಂಡಿಯೂ ಬಿತ್ತು.

ಕೆಲವು ವಾರಗಳಲ್ಲಿ ಇಲಾಖೆಯ ಲಾರಿ ಬಂತು. ನಾನು ಕೇಳಿದ್ದು ಪಾಕೀಟು. ಬಂದದ್ದು ಚೀಲಗಳು! ಪ್ರತಿ ಚೀಲದ ಮೇಲೂ ಒಂದು ಪುಷ್ಟವಾದ ಎಮ್ಮೆಯ ಚಿತ್ರ. ಅದರ ಕೆಳಗೆ, ಊರಿಗೆಲ್ಲ ಕಾಣುವಂತೆ, 'ಮಹಾದೇವಿ' ಎಂಬ ಹೆಸರು. ಅದರ ಕೆಳಗೆ: 'ಶೇಂಗಾ ಹಿಂಡಿ ತಿನ್ನಿಸಿ, ಬಕೆಟ್ ತುಂಬ ಹಾಲು ಹಿಂಡಿ!'

ನೆರೆಮನೆಯ ನೀಲಮ್ಮ ಚೀಲವನ್ನು ಬೆಳಕಿಗೆ ಹಿಡಿದು ನೋಡಿದಳು. "ಫೋಟೋ ಭಾಳ ಛಲೋ ಬಂದದ ಬೇ ಮಾದೇವಿ. ಕಣ್ಣು ಬರೋಬರಿ ನಿನ್ನವ."

ಹೆಂಗಸರೆಲ್ಲ ನಕ್ಕರು. ಮಹಾದೇವಿ ನಗಲಿಲ್ಲ. ಆಕೆ ಎಮ್ಮೆಯನ್ನೂ ನೋಡಲಿಲ್ಲ, ನನ್ನನ್ನು ನೋಡಿದಳು. ಎಮ್ಮೆಯನ್ನೇ ನೋಡಿದ್ದರೆ ಎಷ್ಟು ಚೆನ್ನಾಗಿತ್ತು!

ಆಗ ನನಗೆ ಹೊಳೆಯಿತು. ಸಾಹೇಬರ ಸೀಮೆಯಲ್ಲಿ ಹಿಂಡಿ ಎಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವುದು, ದನಕ್ಕೆ ಹಾಕುವುದು. ಆ ಹಿಂಡಿ ನಮ್ಮಲ್ಲೂ ಉಂಟು. ಆದರೆ ತಾಟಿನಲ್ಲಿರುವುದು ಬೇರೆ, ಗೋದಲಿಯಲ್ಲಿರುವುದು ಬೇರೆ ಎಂಬುದು ಇಲ್ಲಿಯ ಕೂಸಿಗೂ ಗೊತ್ತು. ಅಂಚೆ ಕಚೇರಿಗೆ ಓಡಿ ಸಾಹೇಬರಿಗೆ ಟ್ರಂಕ್ ಕಾಲ್ ಹಚ್ಚಿದೆ.

"ಸರ್, ಇದು ಮನುಷ್ಯರು ತಿನ್ನೋ ಹಿಂಡಿ!"

"ಅಯ್ಯೋ ಪಾಪ! ನಿಮ್ಮ ಕಡೆ ಜನಕ್ಕೆ ಅಂಥ ಗತಿ ಬಂದಿದೆಯೇನ್ರೀ?"

ನನ್ನ ರಕ್ತ ಕುದಿಯಿತು. ಒಂದೇ ರಾಜ್ಯವಾಗಿ ಇಷ್ಟು ಕಾಲವಾಯಿತು, ನಮ್ಮ ತಾಟಿನಲ್ಲಿ ಏನಿದೆ ಎಂಬುದೂ ಇವರಿಗೆ ಗೊತ್ತಿಲ್ಲ! ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ಮೇಲಿಂದ ಮರುಕ ಬೇರೆ! ಯಾರ ಉದ್ಧಾರಕ್ಕೆ ಹೊರಟಿದ್ದಾರೋ ಅವರ ಊಟ ಯಾವುದೆಂದು ಒಂದು ಮಾತು ಕೇಳಬಾರದೆ? ನನ್ನ ಕೋಪವನ್ನೆಲ್ಲ ಒಟ್ಟುಗೂಡಿಸಿ ಗುಡುಗಿದೆ: "ಸರ್, ದಯಮಾಡಿ ಸ್ವಲ್ಪ ವಿಚಾರ ಮಾಡ್ರಿ."

"ಈಗ ಬದಲಾಯಿಸೋಕೆ ಆಗಲ್ಲ. ಘತ್ತರಗಿಯಲ್ಲಿ ಉದ್ಘಾಟನೆ ಗೊತ್ತಾಗಿದೆ. ಒಂದು ಎಮ್ಮೆ ವ್ಯವಸ್ಥೆ ಮಾಡಿ" ಎಂದು ಫೋನಿಟ್ಟರು.

ನಾನು ಮಾಡಿದ ಪ್ರತಿಭಟನೆ ಏನೆಂದರೆ, ಎಮ್ಮೆಯ ವ್ಯವಸ್ಥೆ!

ಭೀಮಾ ದಂಡೆಯ ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಯ ದರ್ಶನಕ್ಕೆ ಬಂದ ಜನ ಕಿಕ್ಕಿರಿದಿದ್ದರು. ಶಾಮಿಯಾನ, ಮೈಕು, ಬ್ಯಾನರು ಎಲ್ಲ ಸಿದ್ಧ. ಕುಟ್ಟಿದ ಹಿಂಡಿಯನ್ನು ತುಂಬಲು ಬೇರೆ ಏನೂ ಇಲ್ಲದ್ದರಿಂದ ಅದೇ ಎಮ್ಮೆಚೀಲಗಳಲ್ಲಿ ತಂದಿದ್ದೆವು. "ನನ್ನ ಹಿಂಡಿ ಎಮ್ಮಿ ಬಾಯಿಗಿ ಬೀಳೂದು ಕಣ್ಣಾರೆ ನೋಡ್ತೇನಿ" ಎಂದು ಮಹಾದೇವಿಯೂ ಬಂದಿದ್ದಳು. ನನ್ನೊಡನೆ ಮಾತು ಬಿಟ್ಟಿದ್ದಳು, ನೋಟ ಬಿಟ್ಟಿರಲಿಲ್ಲ.

ಅಫಜಲಪುರದ ಕಡೆಯ ಸಿದ್ರಾಮಪ್ಪ ತನ್ನ ಎಮ್ಮೆ ತಂದಿದ್ದ. ಅದಕ್ಕೆ ಮಾಲೆ ಹಾಕಿದರು. ನನಗೆ ಹಾಕಲಿಲ್ಲ.

"ಖಾರ ಎಷ್ಟದ್ರಿ ಸರ?" ಎಂದು ಸಿದ್ರಾಮಪ್ಪ ಕಿವಿಯಲ್ಲಿ ಕೇಳಿದ.

"ಮನ್ಷ್ಯಾರ ಲೆಕ್ಕಕ್ಕ ಮಧ್ಯಮ."

"ಎಮ್ಮಿ ಲೆಕ್ಕಕ್ಕ?"

ಆ ಬಗ್ಗೆ ಸಂಶೋಧನೆ ಆಗಿರಲಿಲ್ಲ.

ಸಾಹೇಬರು ಚಪ್ಪಾಳೆಯ ನಡುವೆ ಒಂದು ಬೊಗಸೆ ಹಿಂಡಿ ಹಿಡಿದರು. ಎಮ್ಮೆ ಮೂಸಿತು, ನೆಕ್ಕಿತು, ಆಮೇಲೆ ಆಳವಾಗಿ ಯೋಚಿಸಿತು. ನನ್ನ ಸಂಶೋಧನೆಯನ್ನು ಅಷ್ಟು ಗಂಭೀರವಾಗಿ ಯಾವ ಪರೀಕ್ಷಕರೂ ಪರಿಗಣಿಸಿರಲಿಲ್ಲ. ಆಮೇಲೆ ಸೀನಿತು. ಸಫಾರಿ ಸೂಟಿನ ಬಣ್ಣ ಬದಲಾಯಿತು! ಎಮ್ಮೆ ಬ್ಯಾನರನ್ನು ಕೊಂಬಿಗೆ ಸಿಕ್ಕಿಸಿಕೊಂಡು, ಚೀಲಗಳನ್ನು ಕೆಡವಿ, ನೇರವಾಗಿ ಹೋಗಿ ಭೀಮಾ ನದಿಯಲ್ಲಿ ಕುತ್ತಿಗೆಯವರೆಗೆ ಕುಳಿತುಬಿಟ್ಟಿತು. 'ಸಮಾಜದ ಸೇವೆಯಲ್ಲಿ ಸಂಶೋಧನೆ' ಎಂಬ ಬ್ಯಾನರು ನೀರಿನ ಮೇಲೆ ತೇಲುತ್ತಿತ್ತು.

ಇತ್ತ ಒಡೆದ ಚೀಲಗಳಿಂದ ಬೆಳ್ಳುಳ್ಳಿಯ ಘಮ ಎದ್ದಿತು. ಬೇವಿನ ಮರದಡಿ ರೊಟ್ಟಿಯ ಗಂಟು ಬಿಚ್ಚಿ ಕುಳಿತಿದ್ದ ಮುದುಕಿಯೊಬ್ಬಳು ಬಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. "ಯವ್ವಾ! ಇಂಥಾ ಹಿಂಡಿ ಎಮ್ಮಿಗಿ ಹಾಕಾಕತ್ತೀರಿ, ನಿಮಗ ತಲಿ ಅದನೋ ಇಲ್ಲೋ?"

ಮಹಾದೇವಿ ಸೀದಾ ವೇದಿಕೆ ಹತ್ತಿದಳು. ಸಾಹೇಬರ ಮುಂದಿನ ಮೈಕು ಹಿಡಿದಳು. "ಹಿಂಡಿ ನನ್ನದ್ರಿ. ಮನ್ಷ್ಯಾರು ತಿನ್ನೂದು. ಬರ್ರಿ, ರುಚಿ ನೋಡ್ರಿ. ಎಮ್ಮಿ ಇವರದು!" ಎಂದು ನನ್ನತ್ತ ಬೆರಳು ತೋರಿದಳು.

ಸಂಜೆಯೊಳಗೆ ಚೀಲಗಳು ಬರಿದಾದವು. 'ಪಶು ಆಹಾರ ಯೋಜನೆಗೆ ಸಾರ್ವಜನಿಕರ ಅಭೂತಪೂರ್ವ ಸ್ವಾಗತ' ಎಂದು ಇಲಾಖೆ ಘೋಷಿಸಿತು. ನಾಚಿಕೆ ಎಂಬುದು ಎಮ್ಮೆಗಾದರೂ ಇತ್ತು, ನೀರಿಗಿಳಿದಿತ್ತು!

ಈಗ ಮಹಾದೇವಿಯ ಹಿಂಡಿ ಜೇವರ್ಗಿಯ ಅಂಗಡಿಗಳವರೆಗೂ ಹೋಗುತ್ತದೆ. ಪಾಕೀಟಿನ ಮೇಲೆ ಆಕೆಯ ಹೆಸರಿದೆ, ಎಮ್ಮೆಯಿಲ್ಲ. ಮೊನ್ನೆ ಬೇರೊಂದು ಊರಿನ ಪ್ರಾಧ್ಯಾಪಕರ ತಂಡ ನೋಡಲು ಬಂದಿತ್ತು. "ಈ ಉದ್ಯಮದಲ್ಲಿ ವಿಶ್ವವಿದ್ಯಾಲಯದ ಪಾತ್ರವೇನು ತಾಯಿ?" ಎಂದು ಒಬ್ಬರು ಕೇಳಿದರು. ನಾನು ವಿವರಿಸಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮಹಾದೇವಿ ನಾನು ಕುಳಿತಿದ್ದ ಪಡಸಾಲೆಯ ಮೂಲೆಯತ್ತ ಕೈ ತೋರಿದಳು.

"ಅಲ್ಲಿ ಕುಂತು ಶೇಂಗಾ ಸುಲ್ಯಾಕತ್ತದ ನೋಡ್ರಿ. ಸುಲಿಯೂದು ಕಡಿಮಿ, ತಿನ್ನೂದು ಜಾಸ್ತಿ!"

ನಾನು ಉಗ್ರವಾಗಿ ಪ್ರತಿಭಟಿಸುತ್ತಿದ್ದೆ. ಬಾಯಿ ತುಂಬ ಶೇಂಗಾ ಇತ್ತು.