ನಾನು ಜೋಡಿರೆಕ್ಕೆಯ ವಿಮಾನಕ್ಕೆ ಬಣ್ಣ ಹಚ್ಚಿದ್ದು

ಮನೆಯಲ್ಲಿ ಎಲ್ಲರೂ ಕೊಳೆ ತೆಗೆಯಲು ಹೆಣಗುತ್ತಿರುವಾಗ ಒಬ್ಬ ಮಾತ್ರ ಕೊಳೆ ಹಚ್ಚಲು ಹೆಣಗುತ್ತಿದ್ದರೆ ಆ ಸಂಸಾರದ ನೆಮ್ಮದಿ ಹೇಗಿದ್ದೀತು, ನೀವೇ ಊಹಿಸಿ. ನಮ್ಮ ಮನೆಯಲ್ಲಿ ಆ ಒಬ್ಬ ನಾನು. ಕುಡಿತ, ಇಸ್ಪೀಟು, ನಾಟಕದ ಹುಚ್ಚು ಮುಂತಾದ ಹೆಸರಿರುವ ಚಟಗಳಾದರೆ ಹೆಂಡತಿಯಾದವಳು ತವರಿಗೆ ಹೋಗಿ ಹೇಳಿಕೊಂಡು, ಅತ್ತು, ಹಗುರಾಗಿ ಬರಬಹುದು. 'ನನ್ನ ಗಂಡ ಮೊಳದುದ್ದದ ಕಟ್ಟಿಗೆಯ ವಿಮಾನಕ್ಕೆ ಬಣ್ಣ ಹಚ್ಚುತ್ತಾನೆ, ಅದೂ ಹೊಸದು ಹಳೆಯದಾಗಿ ಕಾಣುವಂತೆ' ಎಂದು ಯಾವ ಬಾಯಿಂದ ಹೇಳಿಕೊಳ್ಳಬೇಕು? ನನ್ನ ಹೆಂಡತಿ ಗಿರಿಜಾ ಅದನ್ನು ಬೇರೆ ಯಾರ ಮುಂದೆಯೂ ಹೇಳಲಾಗದೆ ನನ್ನ ಮುಂದೆಯೇ ಹೇಳುತ್ತಿದ್ದಳು. ಬೇಸರವಿಲ್ಲದೆ, ಬಿಡುವಿಲ್ಲದೆ ಹೇಳುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯ ಮಾತು ಇದು. ಆಗ ನಾನು ಹಗರಿಬೊಮ್ಮನಹಳ್ಳಿಯಲ್ಲಿ ನೀರಾವರಿ ಕಚೇರಿಯೊಂದರ ಟ್ರೇಸರ್. ಎಂಜಿನಿಯರು ಬರೆದ ಕಾಲುವೆಯ ನಕ್ಷೆಯ ಮೇಲೆ ತೆಳ್ಳನೆಯ ಹಾಳೆ ಹಾಸಿ, ಅವರ ಗೆರೆಯ ಮೇಲೆಯೇ ಗೆರೆ ಎಳೆಯುವುದು ನನ್ನ ಕೆಲಸ. ಸ್ವಂತ ಬುದ್ಧಿಯಿಂದ ಒಂದು ಗೆರೆ ಎಳೆದರೂ ಯಾರದೋ ಹೊಲಕ್ಕೆ ನೀರು ತಪ್ಪುತ್ತದೆ. ದಿನವಿಡೀ ಹೀಗೆ ಕೈಕಟ್ಟಿಸಿಕೊಂಡವನಿಗೆ ಸಂಜೆ ಮನೆಯಲ್ಲಿ ಕೈ ತುರಿಸುವುದು ಸಹಜ. ಆದರೂ ಆ ತುರಿಕೆ ವಿಮಾನದ ಕಡೆಗೇ ತಿರುಗಿದ್ದಕ್ಕೆ ಹೊಣೆ ನನ್ನದಲ್ಲ, ಗಿರಿಜೆಯ ಸೋದರಮಾವ ವೀರಭದ್ರಪ್ಪನವರದು.

ವೀರಭದ್ರಪ್ಪನವರು ಹಡಗಲಿಯವರು. ಹರೆಯದಲ್ಲಿ ಮಿಲಿಟರಿ ವಿಮಾನಗಳ ವರ್ಕ್‌ಶಾಪಿನಲ್ಲಿದ್ದರು. ಆ ಕಾಲದ ಜೋಡಿರೆಕ್ಕೆಯ ವಿಮಾನಗಳ ರೆಕ್ಕೆ ತಗಡಿನದಾಗಿರಲಿಲ್ಲ. ಕಟ್ಟಿಗೆಯ ಪಕ್ಕೆಲುಬುಗಳ ಮೇಲೆ ಬಟ್ಟೆ ಬಿಗಿದು ಹೊಲಿಯುತ್ತಿದ್ದರು. ಆ ಹೊಲಿಗೆ, ಆ ಬಿಗಿತ, ಎಂಜಿನ್ನಿನ ನಟ್ಟುಬೋಲ್ಟು ಎಲ್ಲವನ್ನೂ ಪರೀಕ್ಷಿಸಿ ಹಾರಲು ಬಿಡುವುದೋ ಬೇಡವೋ ಎಂದು ಹೇಳುವುದು ಅವರ ಕೆಲಸ. ನಿವೃತ್ತರಾದ ಮೇಲೂ ಈ ಪರೀಕ್ಷೆಯ ಗುಣ ಹೋಗಿರಲಿಲ್ಲ. ಕುಂಬಳಕಾಯಿಯನ್ನು ತಟ್ಟಿ ನೋಡುವರು, ಗೋಡೆಯನ್ನು ತಟ್ಟಿ ನೋಡುವರು. ಹೆಣ್ಣು ನೋಡಲು ಹೋದಾಗ ನನ್ನ ಬೆನ್ನನ್ನೂ ತಟ್ಟಿ ನೋಡಿ, "ಗಟ್ಟಿ ಅದಾನ, ಒಳಗ ಸ್ವಲ್ಪ ಟೊಳ್ಳು. ಇರಲಿ, ನಡೀತೈತಿ" ಎಂದು ಪಾಸು ಮಾಡಿದ್ದರು.

ಇಂಥವರನ್ನು ಮೆಚ್ಚಿಸುವ ಹುಮ್ಮಸ್ಸಿನಲ್ಲಿ ನಾನು ಮೊದಲ ವಿಮಾನ ಮಾಡಿದೆ. ಹಣ್ಣಿನ ಪೆಟ್ಟಿಗೆಯ ಹಲಗೆ, ಊದಿನಕಡ್ಡಿಯ ಕಡ್ಡಿ, ಒಂದಿಷ್ಟು ಅಂಟು. ಮುಂಭಾಗಕ್ಕೆ ಗೇಟಿಗೆ ಹಚ್ಚುವ ಬೆಳ್ಳಿಬಣ್ಣ, ರೆಕ್ಕೆಗೆ ಹಳದಿ ಎನಾಮಲ್. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಬಳಗವೆಲ್ಲ ಸೇರಿತ್ತು. ಎಲ್ಲರೆದುರು ವಿಮಾನವನ್ನು ವೀರಭದ್ರಪ್ಪನವರ ಕೈಗೆ ಕೊಟ್ಟೆ. ಅವರು ಕೈ ಚಾಚಿ ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು, ತಟ್ಟಿದರು. "ಅಳಿಯಪ್ಪ, ಟ್ರಂಕು ಚೊಲೋ ಮಾಡೀಯ. ಇದಕ್ಕ ರೆಕ್ಕಿ ಯಾಕ ಹಚ್ಚೀ?" ಎಂದರು. ಮಲಗಿದ್ದ ಕೂಸು ಎಚ್ಚರವಾಗುವಷ್ಟು ನಗೆ ಎದ್ದಿತು. ಆಮೇಲೆ ನನ್ನ ಮುಖ ನೋಡಿ ಅವರಿಗೇ ಕನಿಕರವಾಗಿರಬೇಕು. "ಲೋಹ ಲೋಹದಂಗ ಇರಬೇಕು, ಅರಿವಿ ಅರಿವಿಯಂಗ ಇರಬೇಕು. ಇದರಾಗ ಎರಡೂ ಬಣ್ಣದಂಗ ಅದಾವು" ಎಂದು ಬಿಡಿಸಿ ಹೇಳಿದರು. ಕನಿಕರ ಯಾರಿಗೂ ನೆನಪುಳಿಯಲಿಲ್ಲ, ಟ್ರಂಕು ಉಳಿಯಿತು. ಅಂದಿನಿಂದ ನಾನು ಬಳಗಕ್ಕೆಲ್ಲ 'ಟ್ರಂಕಿನ ಅಳಿಯ'. ಹರಪನಹಳ್ಳಿಯ ಒಂದು ಮದುವೆಯಲ್ಲಿ ಗುರುತಿಲ್ಲದ ಅಜ್ಜಿಯೊಬ್ಬರು ನನ್ನನ್ನು ಬದಿಗೆ ಕರೆದು, ಮೊಮ್ಮಗಳಿಗೆ ಕೊಡಲು ಮಧ್ಯಮ ಸೈಜಿನದು ಎಷ್ಟಕ್ಕೆ ಬೀಳುತ್ತದೆಂದು ಕೇಳಿದರು. ಆ ಹೆಸರನ್ನು ಇಟ್ಟವರ ಬಾಯಿಂದಲೇ ಅಳಿಸದ ಹೊರತು ನನಗೆ ಊಟ ಸೇರದು ಎಂದುಕೊಂಡೆ. ಊಟವೇನೋ ಸೇರುತ್ತಿತ್ತು, ಹಟ ಮಾತ್ರ ನಿಜ.

ಅಂದಿನಿಂದ ನಾನು ಲೋಹವನ್ನೂ ಬಟ್ಟೆಯನ್ನೂ ದಿಟ್ಟಿಸುವವನಾದೆ. ಮನುಷ್ಯ ಹೆಣ್ಣನ್ನು ದಿಟ್ಟಿಸಿದರೆ ಜನ ಬೈಯುತ್ತಾರೆ, ಪಾತ್ರೆಯನ್ನು ದಿಟ್ಟಿಸಿದರೆ ಹೆದರುತ್ತಾರೆ. ಪಾತ್ರೆಯಂಗಡಿಯವನು ನಾನು ಕೊಡಪಾನದ ಮುಂದೆ ನಿಂತಿದ್ದನ್ನು ನೋಡಿ ನೋಡಿ, ಕೊನೆಗೆ ಅದನ್ನು ಒಳಗೆ ಎತ್ತಿಟ್ಟ. ಬಸ್‌ಸ್ಟ್ಯಾಂಡಿನಲ್ಲಿ ಕೊಟ್ಟೂರಿನ ಬಸ್ಸಿನ ಬಾನೆಟ್ಟಿಗೆ ಮುಖ ಹಚ್ಚಿ ನಿಂತಿದ್ದಾಗ ಡ್ರೈವರ್ ಇಳಿದು ಬಂದು, "ಯಾಕ್ರಿ, ಬಸ್ಸು ತಗಳಾರೇನು?" ಎಂದು ವಿಚಾರಿಸಿದ. ಅಲ್ಲಿ ನನಗೆ ಜ್ಞಾನೋದಯವಾಯಿತು. ಲೋಹಕ್ಕೆ ಬೆಳ್ಳಿಬಣ್ಣವೇ ಇಲ್ಲ. ಹೊಳಪಿನಲ್ಲಿ ಮೂಡುವ ಮೇಲಿನ ಆಕಾಶ, ಕೆಳಗಿನ ನೆಲ, ನಡುವೆ ಒಂದು ಕಪ್ಪು ಗೆರೆ, ಇಷ್ಟೇ ಲೋಹ. ಇದನ್ನು ಡ್ರೈವರಿಗೆ ಹೇಳಿದೆ. ಅವನು ಕಂಡಕ್ಟರನ್ನು ಕರೆದ.

ಬಟ್ಟೆಯ ಗುಟ್ಟು ಬಿಡಿಸಿದ್ದು ಕೊಟ್ಟೂರಿನ ಟೂರಿಂಗ್ ಟಾಕೀಸು. ಗಿರಿಜಾ ಬಹಳ ದಿನದಿಂದ ಕೇಳುತ್ತಿದ್ದಳೆಂದು ಮೊದಲ ಆಟಕ್ಕೆ ಕರೆದುಕೊಂಡು ಹೋಗಿದ್ದೆ. ಪರದೆಯ ಮೇಲೆ ನಾಯಕಿ ಸಾಯುತ್ತಿದ್ದಳು, ನನ್ನ ಕಣ್ಣು ಟೆಂಟಿನ ಮೇಲಿತ್ತು. ಬೊಂಬಿನ ಮೇಲೆ ಬಿಗಿದ ಕಡೆ ಬಟ್ಟೆಗೆ ಬೆಳಕು ಹಿಡಿದಿತ್ತು, ಎರಡು ಬೊಂಬುಗಳ ನಡುವೆ ಜೋತುಬಿದ್ದ ಕಡೆ ಮಬ್ಬು. ರೆಕ್ಕೆಗೆ ಒಂದೇ ಬಣ್ಣ ಬಳಿದು ಕೆಟ್ಟಿದ್ದೆನಲ್ಲ ಎಂದು ಹೊಳೆದು ನಕ್ಕುಬಿಟ್ಟೆ. ಹೊರಗೆ ಬಂದ ಮೇಲೆ ಗಿರಿಜಾ ಕಣ್ಣೊರೆಸಿಕೊಳ್ಳುತ್ತ, "ಆಕಿ ಜೀವ ಹೋಗಾಕತ್ತಿತ್ತು, ನೀವು ಮ್ಯಾಲ ನೋಡಿ ನಗಾಕತ್ತಿದ್ರಿ. ನಾ ಸತ್ತಾಗೂ ಹಿಂಗ ಏನು?" ಎಂದು ಕೇಳಿದಳು. ನಾನು ಟೆಂಟಿನ ವಿಷಯ ವಿವರಿಸತೊಡಗಿದೆ. ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿಗೆ ಹೋಗಿ ಕೂತಳು.

ತಿಳಿಯುವುದು ಬೇರೆ, ಕೈಗೆ ಬರುವುದು ಬೇರೆ. ಎರಡನೆಯ ವಿಮಾನದ ರೆಕ್ಕೆಗೆ ಎಷ್ಟು ಹದವಾಗಿ ನೆರಳು ಬೆಳಕು ಕೊಟ್ಟರೂ ಒಣಗಿದ ಮೇಲೆ ಎನಾಮಲ್ ಮಿರಮಿರ ಮಿಂಚಿ ರೇನ್‌ಕೋಟಿನಂತೆ ಕಾಣುತ್ತಿತ್ತು. ಹೊಳಪು ಕೊಲ್ಲಲು ಏನೇನೋ ಬೆರೆಸಿದೆ. ಸುಣ್ಣ ಬೆರೆಸಿದರೆ ಸಿಪ್ಪೆ ಎದ್ದಿತು, ಮುಖದ ಪೌಡರು ಬೆರೆಸಿದರೆ ಗಿರಿಜಾ ಎದ್ದಳು. ಕೊನೆಗೆ ದೇವರ ಗೂಡಿನಲ್ಲಿದ್ದ ವಿಭೂತಿ ಉಂಡೆಗೆ ಕೈ ಹಾಕಿದೆ. ಅವ್ವ ಹಿಂದೆಯೇ ನಿಂತಿದ್ದಳು. "ಅದನ್ನ ತಗಂಡು ಎದಕ್ಕ ಹಚ್ಚಾಕತ್ತೀ?" ಎಂದಳು. "ವಿಮಾನಕ್ಕ" ಎಂದೆ. ಬೈಯುತ್ತಾಳೆಂದು ಕಾದೆ. ಅವಳು ತುಸು ಯೋಚಿಸಿ, "ಹಚ್ಚು. ಅಷ್ಟು ಎತ್ತರ ಹೋಗೋದಕ್ಕ ಹಚ್ಚಿದ್ರ ಚೊಲೋನ" ಎಂದು ಒಳಗೆ ಹೋದಳು. ಅರೆದು, ಸೋಸಿ, ಬಣ್ಣಕ್ಕೆ ಬೆರೆಸಿ ಬಳಿದು ಬೆಳಗ್ಗೆ ನೋಡಿದರೆ ರೆಕ್ಕೆ ಒಗೆದು ಬಿಸಿಲಿಗೆ ಹಾಕಿದ ಪಂಚೆಯಂತೆ ಆಗಿತ್ತು.

ಲೋಹದ ಸರದಿ ಬಂತು. ಮೊದಲು ನುಣ್ಣನೆ ಕಪ್ಪು ಬಳಿದು, ಅದರ ಮೇಲೆ ಬೆಳ್ಳಿಪುಡಿಯನ್ನು ಬೆರಳ ತುದಿಯಿಂದ ತಿಕ್ಕಿದೆ. ಅಂಚುಗಳಿಗೆ ಪೆನ್ಸಿಲ್ಲಿನ ಸೀಸದ ಪುಡಿ. ಆ ಪುಡಿಗಾಗಿ ಕಚೇರಿಯಲ್ಲಿ ಇಡೀ ದಿನ ಪೆನ್ಸಿಲ್ ಹೆರೆಯುತ್ತಿದ್ದೆ. ಇಷ್ಟು ಚೂಪಾದ ಪೆನ್ಸಿಲ್ಲಿನ ನೌಕರನನ್ನು ತಾವು ನೋಡಿಲ್ಲವೆಂದು ಸಾಹೇಬರು ಮೆಚ್ಚಿದರು. ಎಂಜಿನ್ನಿನ ಹೊಗೆಕೊಳವೆಗೆ, ಒಲೆಯ ಮೇಲೆ ಬಹಳ ದಿನ ಕುದಿದ ಚಹಾದ ಪಾತ್ರೆಯ ತಳದ ಕಂದು, ಅದರ ಅಂಚಿಗೆ ಕಾದು ಮೂಡುವ ನೀಲಿ. ಎಲ್ಲ ಮುಗಿದ ಮೇಲೆ ಕೊನೆಯದಾಗಿ ಒಂದು ಹನಿ ಎಣ್ಣೆ. ಎಂಜಿನ್ನಿನ ಕೆಳಗಿನ ಒಂದು ನಟ್ಟಿನಿಂದ ಜಿನುಗಿ, ಗಾಳಿಗೆ ಹಿಂದಕ್ಕೆ ಎಳೆದು ಬಟ್ಟೆಯ ಮೇಲೆ ಹರಡಿದ ಹಾಗೆ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. "ಒಂದು ಹನಿ ಎಣ್ಣಿ ಬೇಕಂದ್ರ ಡಬ್ಬ್ಯಾಗಿಂದ ಹಾಕಬಾರ್ದೇನ್ರಿ?" ಎಂದಳು ಗಿರಿಜಾ. ನಿಜವಾದ ಎಣ್ಣೆ ಹಾಕಿದರೆ ನಿಜದಂತೆ ಕಾಣುವುದಿಲ್ಲ ಎಂದೆ. ಅವಳು ಅಡುಗೆಮನೆಗೆ ಹೋಗಿ ಉಳಿದ ಮಾತನ್ನು ಪಾತ್ರೆಗಳ ಜೊತೆ ಆಡಿದಳು.

ಶೇಂಗಾ ಮಾರಲು ಬಂದ ವೀರಭದ್ರಪ್ಪನವರು ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೆ ಬಂದರು. ವಿಮಾನವನ್ನು ಕಿಟಕಿಯ ಬಳಿಯ ಮೇಜಿನ ಮೇಲೆ, ಯಾರೋ ಮರೆತು ಬಿಟ್ಟುಹೋದಂತೆ ಇಟ್ಟಿದ್ದೆ. ಹಾಗೆ ಕಾಣಬೇಕೆಂದು ಬೆಳಗಿನಿಂದ ಎಷ್ಟೋ ಸಲ ಸರಿಸಿಟ್ಟಿದ್ದೆ. ಅವರು ರೊಟ್ಟಿ ತಿಂದರು, ಮೊಸರನ್ನ ಉಂಡರು, ಕೈ ತೊಳೆದು ಬಂದು ಕೂತರು. ಅವರ ಕಣ್ಣು ಮೇಜಿಗೆ ಹೋಯಿತು. ಕನ್ನಡಕ ಹಾಕಿಕೊಂಡು ಎದ್ದರು. ತಟ್ಟಲಿಲ್ಲ. ಬಗ್ಗಿದರು, ಎಂಜಿನ್ನಿನ ಕೆಳಗೆ ಮುಖವೊಡ್ಡಿ ನೋಡಿದರು, ಮೂಸಿದರು. ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಆ ಎಣ್ಣೆಯ ಹನಿಯನ್ನು ಒರೆಸಿದರು. ಹೋಗಲಿಲ್ಲ. ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಮತ್ತೆ ಒರೆಸಿದರು. "ನಟ್ಟು ಸಡ್ಲಾಗೇತಿ, ಎಣ್ಣಿ ಸೋರಾಕತ್ತೈತಿ. ಯಾರೂ ನೋಡಿಲ್ಲೇನು ಇದನ್ನ?" ಎಂದರು. ಆ ಮಾತು ನನಗಲ್ಲ, ಎಂದೋ ಕೈಕೆಳಗಿದ್ದ ಯಾವನೋ ಹುಡುಗನಿಗೆ.

ನನಗೆ ಅಳು ಬಂದಂತಾಯಿತು, ಸಂತೋಷಕ್ಕೆ. ಮಾತಾಡಿದ್ದು ಗಿರಿಜಾ. "ಮಾವಾ, ಟವೆಲ್ಲಿಗೇನರ ಹತ್ತೇತೇನು ನೋಡು" ಎಂದಳು. ಅವರು ನೋಡಿದರು. ಬೆಳ್ಳಗಿತ್ತು. "ಧೂಳಿತ್ತು, ಒರೆಸಿದೆ" ಎಂದು ಟವೆಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. ಬಾಗಿಲಲ್ಲಿ ನಿಂತಿದ್ದ ಅವ್ವ ಸೆರಗು ಬಾಯಿಗೆ ಹಿಡಿದಳು. ಗಿರಿಜಾ ಹಿಡಿಯಲಿಲ್ಲ, ಬಾಯಿ ತುಂಬ ನಕ್ಕಳು. ಕೊನೆಗೆ ಅವರೂ ನಕ್ಕುಬಿಟ್ಟರು. ಬೆರಳ ಹಿಂಭಾಗದಿಂದ ರೆಕ್ಕೆಯನ್ನು ಸವರಿ, "ಕಟ್ಟಿಗಿ ಐತಿ, ಆದ್ರ ಕಣ್ಣಿಗೆ ಅರಿವಿ" ಎಂದರು. ಹೊಗೆಕೊಳವೆಯನ್ನು ತೋರಿಸಿ, "ಸುಟ್ಟೀತು ಅಂತ ಇದನ್ನ ಮುಟ್ಟಲಿಲ್ಲ ನೋಡು" ಎಂದರು. ಸಾಹೇಬರ ಮೆಚ್ಚುಗೆ, ವರ್ಷದ ಇನ್‌ಕ್ರಿಮೆಂಟು ಯಾವುದೂ ನನಗೆ ಅಷ್ಟು ಸುಖ ಕೊಟ್ಟಿಲ್ಲ.

ಗೆದ್ದವನು ಸುಮ್ಮನಿರಬೇಕು. ನನಗೆ ಆ ಬುದ್ಧಿ ಇಲ್ಲ. "ಹಂಗಾರ ಇದು ಟ್ರಂಕು ಅಲ್ಲ ಅಂದಂಗಾತು" ಎಂದೆ. "ಟ್ರಂಕಲ್ಲಪ್ಪ, ವಿಮಾನ. ನಾನ ನಾಕು ಮಂದ್ಯಾಗ ಹೇಳ್ತೀನಿ" ಎಂದರು. ಹೇಳಿದಂತೆ ನಡೆದುಕೊಂಡರು ಕೂಡ. ಮುಂದೆ ಕೂಡ್ಲಿಗಿಯ ಒಂದು ಗೃಹಪ್ರವೇಶದಲ್ಲಿ ತಾವು ಮೋಸಹೋದ ಕಥೆಯನ್ನು ತಾವೇ ಟವೆಲ್ ಹಿಡಿದು ಅಭಿನಯಿಸಿ ತೋರಿಸಿದರು, ನಾನು ಊರ ತುಂಬ 'ವಿಮಾನದ ಅಳಿಯ'ನಾಗಿ ಎದೆ ಉಬ್ಬಿಸಿಕೊಂಡು ಓಡಾಡಿದೆ. ಆದರೆ ಅಂದು ಬಸ್ಸಿಗೆ ಹೊರಟವರು ಹೊಸ್ತಿಲಲ್ಲಿ ನಿಂತು, "ವಿಮಾನ ಅಂದ ಮ್ಯಾಲ ವಿಮಾನದ ಮಾತು ಹೇಳಬೇಕಲ್ಲ. ಎಣ್ಣಿ ಸೋರೋದನ್ನ ನಾನಂತೂ ಮ್ಯಾಲ ಹಾರಾಕ ಬಿಡ್ತಿದ್ದಿಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು.

ನಾನು ನಕ್ಕೆ. ಸಂಜೆಯವರೆಗೂ ನೆನೆಸಿಕೊಂಡು ನಕ್ಕೆ. ಹಣ್ಣಿನ ಪೆಟ್ಟಿಗೆಯ ಹಲಗೆ, ಒಳಗೆ ಎಂಜಿನ್ನೇ ಇಲ್ಲ, ಮೇಜಿನಿಂದ ನೂಕಿದರೆ ನೆಲಕ್ಕೆ ಬೀಳುವುದಷ್ಟೇ ಅದರ ಹಾರಾಟ. ಆದರೂ ಬೆಳಗಿನ ಚಹಾ ಕುಡಿಯುತ್ತ ಅದರ ಕಡೆ ನೋಡಿದಾಗ ಮನಸ್ಸು ಯಾಕೋ ಒಪ್ಪಲಿಲ್ಲ. ಬಣ್ಣ ಕಲಸಿದೆ. ನಟ್ಟನ್ನು ಬಿಗಿಯಾಗಿ ಬರೆದೆ, ಆ ಹನಿಯ ಮೇಲೆ ವಿಭೂತಿ ಬೆರೆತ ಬಣ್ಣವನ್ನು ಹಗುರಾಗಿ ಎಳೆಯತೊಡಗಿದೆ. ಗಿರಿಜಾ ಸೊಪ್ಪು ಬಿಡಿಸುತ್ತಿದ್ದವಳು ಎದ್ದು ಬಂದಳು.

"ಭಾನುವಾರೆಲ್ಲಾ ಕುಂತು ಬರದಿದ್ರಿ. ಮಾವನೂ ಅದಕ್ಕ ಮೋಸ ಹೋದ. ಅದನ್ನ ಯಾಕ ಅಳಸಾಕತ್ತೀರಿ?"

ನಾನು ಕುಂಚದಿಂದ ಕಣ್ಣು ತೆಗೆಯದೆ, "ಸೋರಾಕತ್ತಿತ್ತಲ್ಲ" ಎಂದೆ.