ಇದ್ದಿಲು ಗಂಟಿನ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನೆದುರು ಚಹಾಕ್ಕೆ ಬನ್ನು ಅದ್ದುವ ಧೈರ್ಯ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ! ಅದ್ದಿದಿರೋ, ಕೆಟ್ಟಿರಿ. ತೀರ್ಥಹಳ್ಳಿಯಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವರು ಅವರು. "ನೋಡು, ಬನ್ನು ಚಹಾನ ಹೀರ್ಕೊಳ್ತು. ಒಳಗೆಲ್ಲ ಇಳೀತು. ಇದು ಅಬ್ಸಾರ್ಪ್ಶನ್" ಎಂದು ಶುರು ಮಾಡಿದರೆ, ಬನ್ನು ಕರಗಿ ಲೋಟದ ತಳ ಸೇರಿದರೂ ಪಾಠ ಮುಗಿಯುವುದಿಲ್ಲ.

ಜೇಬಿನಲ್ಲಿ ಸದಾ ಇದ್ದಿಲಿನ ಪುಟ್ಟ ಪುಟ್ಟ ಬಟ್ಟೆಗಂಟು. ಯಾರ ಮನೆಗೆ ಹೋದರೂ ಮೊದಲು ಅವರ ಫ್ರಿಜ್ಜಿನೊಳಗೆ ಒಂದನ್ನು ಇಟ್ಟೇ ಕೂರುವುದು! ಸಾಗರದಲ್ಲಿ ಒಂದು ರಿಸೆಪ್ಷನ್ನಿಗೆ ಹೋದಾಗ ಮದುಮಗನ ಶೂ ಒಳಗೂ ತುರುಕಿದ್ದರು. "ವಾಸನೆ ಹೀರ್ಕೊಳ್ಳಲಿ ಅಂತ ಇಟ್ರಾ?" ಎಂದು ಆ ಬಡಪಾಯಿ ಕೇಳಿದ್ದೇ ತಪ್ಪಾಯಿತು.

"ಹೀರ್ಕೊಳ್ಳೋದಲ್ಲ ಮಾರಾಯ! ಇದ್ದಿಲು ವಾಸನೇನ ಮೈಗೆ ಅಂಟಿಸ್ಕೊಳ್ತದೆ. ಅದು ಅಡ್ಸಾರ್ಪ್ಶನ್! ಬೇರೆ!"

ಮದುಮಗಳು ಸ್ಟೇಜಿನ ಮೇಲೆ ಒಬ್ಬಳೇ ಫೋಟೋ ತೆಗೆಸಿಕೊಂಡಳು.

ನಾವೆಲ್ಲ ಬಸ್ಸಿನ ನೆಪ ಹೇಳಿ ಅವರಿಂದ ಓಡುವವರೇ. ಕೂತು ಕೇಳುತ್ತಿದ್ದವಳು ಚಿಕ್ಕಮ್ಮ ಒಬ್ಬಳೇ. ಬೀನ್ಸ್ ನಾರು ತೆಗೆಯುತ್ತಾ ನಡುನಡುವೆ "ಹೌದಾ?" ಅನ್ನುವಳು. ಚಿಕ್ಕಪ್ಪನಿಗೆ ಅಷ್ಟು ಸಾಕಿತ್ತು. ಹೋದ ವರ್ಷ ಅವಳು ತೀರಿಕೊಂಡಳು.

ಮೊನ್ನೆ ಹೊಸನಗರದಿಂದ ಅವರನ್ನು ನೋಡಲು ಹೋದೆ. ನೋಡುತ್ತೇನೆ, ನಡುಮನೆಯ ಗೋಡೆಗೆಲ್ಲ ಮೊಳೆ ಹೊಡೆದು ಕಂಬಳಿ, ರಗ್ಗು, ಜಮಖಾನ ತೂಗುಹಾಕಿದ್ದಾರೆ!

"ಇದೆಂತ ಚಿಕ್ಕಪ್ಪಾ, ಕಂಬಳಿ ಅಂಗಡಿ ಇಟ್ರಾ?" ಎಂದು ನಕ್ಕೆ.

ಅವರು ನಗಲಿಲ್ಲ. "ಅವಳು ಹೋದ್ಮೇಲೆ ನಾನು ಎಂತ ಮಾತಾಡಿದ್ರೂ ಗೋಡೆಗೆ ಬಡಿದು ನಂಗೇ ವಾಪಸ್ ಬರ್ತದೆ ಮಾರಾಯ. ಕೇಳ್ಲಿಕ್ಕೆ ಆಗಲ್ಲ. ಅದ್ಕೆ ಇದನ್ನೆಲ್ಲ ಹಾಕ್ದೆ. ಕಂಬಳಿ ಸದ್ದು ಹೀರ್ಕೊಳ್ತದೆ."

"ಈಗ ಪರವಾಗಿಲ್ವಾ?"

ಚಿಕ್ಕಪ್ಪ ಒಂದು ಕಂಬಳಿಯ ಅಂಚು ಎಳೆದು ಸರಿಮಾಡಿದರು. "ಹೀರ್ಕೊಳ್ತದೆ. ಆದ್ರೆ 'ಹೌದಾ' ಅನ್ನಲ್ಲ."

ವಾಪಸ್ ಬಸ್ಸಿಗೆ ಹೊತ್ತಾಗಿತ್ತು, ಆದರೂ ಹೆಗಲಿಗೇರಿಸಿದ್ದ ಬ್ಯಾಗನ್ನು ಕೆಳಗಿಟ್ಟೆ. ಫ್ರಿಜ್ಜಿನಿಂದ ಇದ್ದಿಲಿನ ಗಂಟು ತೆಗೆದು ಅವರೆದುರು ಹಿಡಿದೆ.

"ಚಿಕ್ಕಪ್ಪಾ, ಇದು ವಾಸನೆ ಹೀರ್ಕೊಳ್ಳತ್ತಲ್ಲಾ, ಹೆಂಗೆ?"

"ಹೀರ್ಕೊಳ್ಳೋದಲ್ಲ ಅಂತ ಎಷ್ಟು ಸಲ ಹೇಳ್ಬೇಕೋ ನಿಂಗೆ!" ಗುಡುಗಿದರು. ಕುರ್ಚಿ ಎಳೆದುಕೊಂಡು ಶುರುವಿನಿಂದ ಶುರು ಮಾಡಿದರು.

ಮೇಜಿನ ಮೇಲೆ ಬೀನ್ಸ್ ಇತ್ತು. ಮೊರಕ್ಕೆ ಸುರಿದುಕೊಂಡು ನಾರು ತೆಗೆಯುತ್ತಾ ಕೂತೆ.

"ಹೌದಾ?" ಅಂದೆ.