ಗಿಡ್ಡ ಲಾರಿಯ ಗಟ್ಟಿ ಬೆನ್ನು

ಓದುಗರೇ, ಒಬ್ಬ ಮನುಷ್ಯ ಲಾರಿಯ ಕೆಳಗೆ ಅಂಗಾತ ಮಲಗಿ ನಟ್ಟು ಬಿಚ್ಚುತ್ತಿರುವುದನ್ನು ಕಂಡಾಗ, ಬಾಯಿ ಮುಚ್ಚಿಕೊಂಡು ನಿಮ್ಮ ದಾರಿ ನೀವು ಹಿಡಿದದ್ದು ಉಂಟೇ? ಎದೆಯ ಮೇಲೆ ಕೈಯಿಟ್ಟು ಹೇಳಿ. ನೀವು ಬಗ್ಗಿ ನೋಡಲಿಲ್ಲವೇ? ಉತ್ತರಕ್ಕೂ ಕಾಯದೆ, "ಹಾಗಲ್ಲ, ಹೀಗೆ ಮಾಡಿ" ಎನ್ನಲಿಲ್ಲವೇ? ಸ್ಪ್ಯಾನರು ಹಿಡಿದು ಗೊತ್ತಿಲ್ಲದವರ ನಾಲಿಗೆಗೆ ಸಕಲ ವಿದ್ಯೆಯೂ ಬರುವುದು ಈ ಲೋಕದ ದೊಡ್ಡ ಅನ್ಯಾಯ. ಅದಕ್ಕೆ ಸಿಕ್ಕಿದ ಗಾಜಣ್ಣನ ಒಂದು ದಿನದ ಪಾಡನ್ನು ಕೇಳಿ.

ಕಿಟಕಿಗಾಜು ಕೊಯ್ದು ಮಾರುತ್ತಿದ್ದುದರಿಂದ ಬೀದಿಯವರು ಅವನಿಗಿಟ್ಟ ಹೆಸರು ಗಾಜಣ್ಣ. ಸೈನ್ಯ ಕೈಬಿಟ್ಟ ಹಳೆಯ ಲಾರಿಯೊಂದನ್ನು ಅವನು ಹರಾಜಿನಲ್ಲಿ ಹಿಡಿದಿದ್ದ. ಇಕ್ಕಟ್ಟಾದ ಬೀದಿಯಲ್ಲಿ ಅದು ತಿರುಗದೆಂದು, ಹಿಂದಿನ ಎರಡು ಅಚ್ಚುಗಳಲ್ಲಿ ಒಂದನ್ನು ಕಳಚಿಸಿ, ಅಡಿಯ ಚೌಕಟ್ಟಾದ ಚಾಸಿಯ ಬಾಲವನ್ನು ಕೊಯ್ಯಿಸಿ ಗಿಡ್ಡ ಮಾಡಿಸಿದ್ದ. ಮುಂದಿನಿಂದ ನೋಡಿದರೆ ಅದು ಸೇನಾಪತಿ. ಹಿಂದಿನಿಂದ ನೋಡಿದರೆ ಬಾಲ ಕಳೆದುಕೊಂಡ ಎಮ್ಮೆ.

ಲಾರಿ ಗಿಡ್ಡವಾಯಿತು, ಆದರೆ ಅದರ ಹಿಂಬದಿಯ ಸ್ಪ್ರಿಂಗಿನ ಸೊಕ್ಕು ಇಳಿಯಲಿಲ್ಲ. ಒಂದರ ಮೇಲೊಂದು ಪೇರಿಸಿದ ಆ ಬಾಗಿದ ಉಕ್ಕಿನ ಪಟ್ಟಿಗಳು ಫಿರಂಗಿ ಹೊರಲೆಂದು ಹುಟ್ಟಿದವು. ಆ ಬೆಳಿಗ್ಗೆ ಗಾಜಣ್ಣ ಒಂದೇ ಒಂದು ಗಾಜಿನ ಹಾಳೆಯನ್ನು ಲಾರಿಗೆ ಕಟ್ಟಿ ಬೀದಿಯಲ್ಲಿ ಓಡಿಸಿ ನೋಡಿದ. ಮೊದಲ ಗುಂಡಿಗೇ ಲಾರಿ ಆಡಿನ ಮರಿಯಂತೆ ಹಿಂಗಾಲು ಝಾಡಿಸಿತು. ಗಾಜು ಚೂರುಚೂರಾಗಿ ದರ್ಜಿಯ ಅಂಗಡಿಯ ಮೆಟ್ಟಿಲ ಮೇಲೆ ಹರಡಿತು.

ಅದೇ ಸಂಜೆ ಹೊಸ ಆಸ್ಪತ್ರೆಯ ಮೇಟ್ರನ್ ಅಮ್ಮನವರು ಲಾರಿ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಆಸ್ಪತ್ರೆಯ ಅಷ್ಟೂ ಕಿಟಕಿಗಳ ಕೆಲಸ ಗಾಜಣ್ಣನದು. ಮೆಚ್ಚದಿದ್ದರೆ ಅಂಗಡಿಗೆ ಬೀಗ. ಆಮೇಲೆ ಹೆಂಡತಿಯ ತಮ್ಮನ ಪಾತ್ರೆ ಅಂಗಡಿಯಲ್ಲಿ ಚಾಕರಿ.

ಗಾಜಿನ ಸದ್ದಿಗೆ ಮೊದಲು ಓಡಿಬಂದವನು ಆ ತಮ್ಮನೇ.

"ಭಾವ, ಆ ಸ್ಪ್ರಿಂಗಿಗೆ ಮಾತ್ರ ಕೈ ಹಾಕಬೇಡಿ. ನಿಮ್ಮ ಕೈಲಿ ಆಗೋ ಕೆಲಸ ಅಲ್ಲ. ನನ್ನ ಅಂಗಡೀಲಿ ನಿಮಗೋಸ್ಕರ ಒಂದು ಸ್ಟೂಲು ಖಾಲಿ ಇಟ್ಟಿದ್ದೀನಿ."

"ಆ ಸ್ಟೂಲಿನ ಮೇಲೆ ನಿನ್ನ ಪಾತ್ರೆ ಪೇರಿಸು," ಎಂದ ಗಾಜಣ್ಣ. "ಲಾರಿ ನಂದು, ಸ್ಪ್ರಿಂಗು ನಂದು. ಪಟ್ಟಿ ಕಮ್ಮಿಯಾದರೆ ತಾನೇ ಮೆತ್ತಗಾಗುತ್ತೆ. ಒಂದು ಪಟ್ಟಿ ಅಲ್ಲ, ಎರಡು ತೆಗೀತೀನಿ."

ಹೆಂಡತಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. "ರೀ, ತುಂಬಿದ ಕೊಡ ತುಳುಕೋದಿಲ್ಲ. ಖಾಲಿ ಲಾರಿ ಕುಣಿಯುತ್ತೆ. ಒಂದಿಷ್ಟು ಭಾರ ಹಾಕಿ ನೋಡಬಾರದಾ?"

"ನೀರು ತರೋದಲ್ಲ ಕಣೇ ಇದು, ವಾಹನ," ಎಂದು ಗಾಜಣ್ಣ ಲಾರಿಯ ಕೆಳಗೆ ನುಸುಳಿದ. ಆ ದಿನದಲ್ಲಿ ಅವನಿಗೆ ಸಿಕ್ಕಿದ ಏಕೈಕ ಸದ್ಬುದ್ಧಿ ಹೀಗೆ ಹೊಸ್ತಿಲಲ್ಲೇ ಉಳಿಯಿತು.

ಚಾಸಿಗೆ ಜಾಕು ಕೊಟ್ಟು ಎತ್ತಿದ್ದಾಯಿತು. ಪಟ್ಟಿಗಳನ್ನು ಅಚ್ಚಿಗೆ ಬಿಗಿದಿದ್ದ ಬೋಲ್ಟುಗಳು, ಊಟ ಮುಗಿದರೂ ಏಳದ ನೆಂಟರಂತೆ ತುಕ್ಕು ಹಿಡಿದು ಕುಳಿತಿದ್ದವು. ಸೀಮೆಎಣ್ಣೆ ಸುರಿದು, ಸುತ್ತಿಗೆಯಿಂದ ಬಡಿದು, ಗದರಿಸಿ, ಕೊನೆಗೆ ಬೇಡಿಕೊಂಡ ಮೇಲೆ ಅವು ಸಡಿಲಿದವು. ಎರಡೂ ಬದಿಯಿಂದ ಎರಡೆರಡು ಪಟ್ಟಿಗಳು ಹೊರಬಂದವು. ಅಷ್ಟರಲ್ಲಿ ಬೀದಿಯ ಕಮ್ಮಾರ ಬಂದು ಅವುಗಳನ್ನು ಬೆರಳಿನಿಂದ ತಟ್ಟಿ ನೋಡಿದ.

"ಅಣ್ಣಾ, ಇನ್ನೊಂದೊಂದು ತೆಗೀರಿ. ಇನ್ನೂ ಬಿರುಸಾಗಿದೆ."

"ನಿನಗೆ ಹೇಗೆ ಗೊತ್ತು?"

"ಉಕ್ಕು ನೋಡಿದರೆ ಗೊತ್ತಾಗಲ್ವಾ? ತೆಗೆದಿದ್ದನ್ನ ಹಾದೀಲಿ ಬಿಡಬೇಡಿ, ಯಾರಾದರೂ ಎಡವುತ್ತಾರೆ. ನಾನು ಎತ್ತಿಡ್ತೀನಿ."

ಪರೋಪಕಾರವೆಂದರೆ ಇದೇ ಎಂದು ನಂಬಿ ಗಾಜಣ್ಣ ಇನ್ನೊಂದೊಂದನ್ನೂ ಬಿಚ್ಚಿಕೊಟ್ಟ. ಕಮ್ಮಾರ ಪಟ್ಟಿಗಳನ್ನು ಹೆಗಲಿಗೇರಿಸಿಕೊಂಡು ಹೋದ. ಸ್ವಲ್ಪ ಹೊತ್ತಿನಲ್ಲೇ ಅವನ ಕುಲುಮೆಯ ತಿದಿ ಉಸಿರಾಡತೊಡಗಿತು.

ಮಧ್ಯಾಹ್ನದ ಹೊತ್ತಿಗೆ ಗಾಜಣ್ಣ ಇನ್ನೊಂದು ಗಾಜು ಕಟ್ಟಿ ಓಡಿಸಿದ. ಈ ಸಲ ಅದು ಬಿರುಕು ಬಿಟ್ಟಿತೇ ಹೊರತು ಚೂರಾಗಲಿಲ್ಲ. ದರ್ಜಿ ಕುತ್ತಿಗೆಯ ಟೇಪನ್ನು ಸರಿಪಡಿಸಿಕೊಳ್ಳುತ್ತ ತೀರ್ಪು ಕೊಟ್ಟ.

"ಸಾಕು, ಇಷ್ಟಕ್ಕೆ ನಿಲ್ಲಿಸಿ ಗಾಜಣ್ಣ. ಬಟ್ಟೆ ಕತ್ತರಿಸೋದು ಸುಲಭ, ಕತ್ತರಿಸಿದ್ದನ್ನ ಉದ್ದ ಮಾಡೋಕಾಗಲ್ಲ."

"ನೀನು ಹೊಲಿದ ಅಂಗಿ ನನಗೆ ಮೊಣಕಾಲಿಗೆ ಬರುತ್ತೆ. ಅಳತೆ ವಿಷಯ ನೀನು ಮಾತಾಡ್ತೀಯಾ?" ಎಂದು ಗಾಜಣ್ಣ ಮತ್ತೆ ಕೆಳಗೆ ನುಸುಳಿ, ಹಟಕ್ಕೆ ಬಿದ್ದು ಇನ್ನೂ ಎರಡೆರಡು ಕಿತ್ತ. ತೆಗೆಯಬೇಡ ಎಂದವರ ಮೇಲಿನ ಸಿಟ್ಟಿಗೆ ಕೆಲವು ಹೋದವು. ತೆಗಿ ಎಂದವನ ಕುಲುಮೆಗೆ ಎಲ್ಲವೂ ಹೋದವು. ಸಂಜೆಗೆ ಒಂದೊಂದು ಬದಿಯಲ್ಲಿ ಉಳಿದದ್ದು ಎರಡೇ ಪಟ್ಟಿ.

ಕೊನೆಯ ಗಾಜು ಕಟ್ಟಿ ಗಾಜಣ್ಣ ಲಾರಿ ಓಡಿಸಿದ. ಅದೇ ಗುಂಡಿ ಬಂತು. ಲಾರಿ ತೊಟ್ಟಿಲಿನಂತೆ ತೂಗಿತು; ಗಾಜು ನಿದ್ದೆಯಲ್ಲಿರುವ ಕೂಸಿನಂತೆ ಅಲುಗದೆ ಬಂತು.

ಗೆಲುವಿಗೆ ಅಪ್ಪಂದಿರು ಎಷ್ಟು ಬೇಗ ಹುಟ್ಟುತ್ತಾರೆಂಬುದನ್ನು ಅಲ್ಲಿ ನೋಡಬೇಕಾಗಿತ್ತು.

"ನಾನು ಕೆಣಕಿದ್ದಕ್ಕೇ ಭಾವ ಹಟ ಹಿಡಿದಿದ್ದು," ಎಂದ ಪಾತ್ರೆಯಂಗಡಿಯವನು.

"ಅಳತೆ ಮಾತು ಮೊದಲು ತೆಗೆದವನು ನಾನು," ಎಂದ ದರ್ಜಿ.

ಕಮ್ಮಾರ ತೃಪ್ತಿಯಿಂದ ಬೆವರು ಒರೆಸಿಕೊಂಡ.

ಅಷ್ಟರಲ್ಲಿ ಕೊಡೆ ಹಿಡಿದ ಮೇಟ್ರನ್ ಅಮ್ಮನವರು ತಿರುವಿನಲ್ಲಿ ಕಾಣಿಸಿಕೊಂಡರು. ತಮ್ಮ ಪಾಲಿನ ಕೀರ್ತಿ ಅವರ ಕಣ್ಣಿಗೆ ಬೀಳಲೆಂದು ಮೂವರೂ ಗಾಜು ಹಿಡಿದುಕೊಳ್ಳುವ ನೆಪದಲ್ಲಿ ಲಾರಿ ಹತ್ತಿದರು. ಮೂವರು ಹತ್ತಿದ ಮೇಲೆ ಬೀದಿ ಸುಮ್ಮನಿರುತ್ತದೆಯೇ? ನೋಡುತ್ತ ನಿಂತಿದ್ದವರು, ನೋಡಿದೆವೆಂದು ಹೇಳಿಕೊಂಡವರು, ಏನಾಯಿತೆಂದು ಕೇಳಲು ಬಂದವರು, ಎಲ್ಲರೂ ಹತ್ತಿದರು.

"ಇಳೀರಿ. ಅದು ಗಾಜಿನ ಲಾರಿ, ಜಾತ್ರೆ ಬಸ್ಸಲ್ಲ," ಎಂದು ಗಾಜಣ್ಣ ಸ್ಟೇರಿಂಗ್ ಹಿಡಿದೇ ಕೂಗಿದ. ಯಾರೂ ಕೇಳಲಿಲ್ಲ.

ಲಾರಿ ನಿಟ್ಟುಸಿರಿಟ್ಟಿತು. ಅಷ್ಟು ಹೊತ್ತು ನಗುವ ತುಟಿಯಂತೆ ಬಾಗಿದ್ದ ಪಟ್ಟಿಗಳು ಮೊದಲು ನೇರವಾದವು; ಆಮೇಲೆ ಅಳುವ ತುಟಿಯಂತೆ ತಿರುಗಿಕೊಂಡವು. ಲಾರಿಯ ಹಿಂಭಾಗ ಚಕ್ರಗಳ ಮೇಲೇ ಕುಕ್ಕರಿಸಿತು. ಇಂಜಿನು ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಮೇಟ್ರನ್ ಅಮ್ಮನವರು ಕೊಡೆ ಮಡಚಿ ಸುತ್ತ ಒಂದು ಸಲ ನೋಡಿದರು.

"ಏನಪ್ಪಾ ಇದು? ನಿನ್ನೆ ಈ ದಾರೀಲಿ ಹೋಗುವಾಗ ನೋಡಿದ್ದೆ, ಎತ್ತರಕ್ಕೆ ನಿಂತಿತ್ತಲ್ಲ."

"ಮೆತ್ತಗೆ ಮಾಡಿಸಿದೆ ಅಮ್ಮಾ. ಬೆಳಿಗ್ಗೆ ಕುಣೀತಿತ್ತು. ಗಾಜು ನೋಡಿ, ಒಂದು ಗೀರಿಲ್ಲ."

"ಒಂದು ಗಾಜು ತರೋಕೆ ಕೈಗಾಡಿ ಸಾಕಾಗಿತ್ತು. ನಮಗೆ ಇಡೀ ಆಸ್ಪತ್ರೆ ಗಾಜು ಒಂದೇ ಸಲ ಸಾಗಬೇಕು. ಗಟ್ಟಿ ಬೆನ್ನಿನ ಸೈನ್ಯದ ಲಾರಿ ನಿಮ್ಮ ಹತ್ರ ಇದೆ ಅಂತಲೇ ಈ ಬೀದಿಗೆ ಬಂದಿದ್ದು. ಕೆಲಸ ನಿಮಗೇ ಅಂತ ತೀರ್ಮಾನ ಆಗಿತ್ತು. ಹೇಳಿ ಹೋಗೋಣ ಅಂತ ಬಂದೆ." ಅವರು ಮತ್ತೆ ಕೊಡೆ ಬಿಚ್ಚಿದರು. "ಇಷ್ಟು ಜನಕ್ಕೇ ಕೂತುಬಿಟ್ಟ ಲಾರಿ ಗಾಜು ಹೊರುತ್ತಾ?"

"ಅಮ್ಮಾ, ನಿಲ್ಲಿ. ತೆಗೆದ ಪಟ್ಟಿ ಎಲ್ಲಾ ಇವೆ. ಈಗಲೇ ಹಾಕ್ತೀನಿ," ಎಂದು ಗಾಜಣ್ಣ ಕೆಳಗೆ ಜಿಗಿದು ಕಮ್ಮಾರನತ್ತ ತಿರುಗಿದ. "ಎಲ್ಲಿಟ್ಟಿದ್ದೀಯಾ?"

"ಎಲ್ಲೂ ಹೋಗಿಲ್ಲ ಅಣ್ಣಾ," ಎಂದ ಕಮ್ಮಾರ ಮೇಲಿನಿಂದಲೇ. "ಅರ್ಧ ಮಚ್ಚಾಗಿವೆ, ಅರ್ಧ ಗುದ್ದಲಿ. ಒಳ್ಳೇ ಉಕ್ಕು. ನಿಮಗೆ ಬೇಕಾದರೆ ಒಂದು ಮಚ್ಚು ಸುಮ್ಮನೇ ಕೊಡ್ತೀನಿ."

ಕೊಡೆ ತಿರುವಿನಲ್ಲಿ ಮರೆಯಾಯಿತು.

"ಭಾವ," ಎಂದ ಪಾತ್ರೆಯಂಗಡಿಯವನು ಮೆಲ್ಲಗೆ, "ಆ ಸ್ಟೂಲು..."

"ಅದರ ಮೇಲೆ ನೀನೇ ಕೂತ್ಕೋ. ನಾಳೆ ಗುಜರಿ ಅಂಗಡಿಗೆ ಹೋಗ್ತೀನಿ, ಹಳೇ ಪಟ್ಟಿ ಒಂದೊಂದೇ ಆಯ್ದು ತರ್ತೀನಿ. ಈ ಲಾರಿ ನಿಲ್ಲಿಸೇ ನಿಲ್ಲಿಸ್ತೀನಿ. ಮೊದಲು ಎಲ್ಲರೂ ಇಳೀರಿ, ನಾನು ಕೆಳಗೆ ಹೋಗಬೇಕು."

ಒಬ್ಬನೂ ಇಳಿಯಲಿಲ್ಲ. ಮೊದಲು ಇಳಿದವನ ಭಾರಕ್ಕೇ ಲಾರಿ ಕುಸಿಯಿತೆಂದು ಉಳಿದವರು ಹೇಳುವರೆಂಬುದು ಪ್ರತಿಯೊಬ್ಬನಿಗೂ ಚೆನ್ನಾಗಿ ಗೊತ್ತಿತ್ತು. ದರ್ಜಿ ಕಮ್ಮಾರನ ಹೊಟ್ಟೆ ನೋಡಿದ. ಕಮ್ಮಾರ ಪಾತ್ರೆಯಂಗಡಿಯವನ ಹೊಟ್ಟೆ ನೋಡಿದ. ಸ್ವಲ್ಪ ಹೊತ್ತಾದ ಮೇಲೆ ಮೇಲಿನಿಂದಲೇ ಒಂದು ದನಿ ಕೇಳಿತು: "ಗಾಜಣ್ಣಾ, ಜಾಕು ಹಾಗಲ್ಲ, ಹೀಗೆ ಇಡಿ."

ಗಾಜಣ್ಣ ಸ್ಪ್ಯಾನರು ಹಿಡಿದು ಈಗಲೂ ಕಾಯುತ್ತಿದ್ದಾನೆ. ಲಾರಿಯ ಮೇಲೆ ಹಿಂದಿನ ಸಾಲಿನಲ್ಲಿ, ಯಾರ ಕಣ್ಣಿಗೂ ಬೀಳದಂತೆ ನಿಂತಿರುವ ಓದುಗರೇ, ಅವನ ಬೆವರಿನ ಮೇಲೆ ಆಣೆ, ದಯವಿಟ್ಟು ಮೊದಲು ನೀವು ಇಳಿಯಿರಿ.